ನೀಲಿ ಕಾಗದದ ಸರ್

ನಮ್ಮ ಸರ್ ನಿವೃತ್ತರಾದ ದಿನ ವೇದಿಕೆಯ ಮೇಲೆ ಮಾತಾಡಿದವರಲ್ಲಿ ಒಬ್ಬರಾದರೂ ನಿಜವಾಗಿ ನಮ್ಮ ಸರ್ ಬಗ್ಗೆ ಮಾತಾಡಿದ್ದರೆ ನಾನು ಇದನ್ನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಒಬ್ಬರು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದರು. ಇನ್ನೊಬ್ಬರು ‘ಯಾರ ಮನಸ್ಸನ್ನೂ ನೋಯಿಸದ ಜೀವ’ ಎಂದರು. ಸರ್ ಕೈಕೆಳಗೆ ಪಿಎಚ್.ಡಿ. ಮಾಡಿದ ನಾವು ನಾಲ್ಕೈದು ಮಂದಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಆ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಬೈಗುಳಕ್ಕೆ ಅಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ಪಾಪ, ಭಾಷಣ ಮಾಡಿದವರ ತಪ್ಪೂ ಅಲ್ಲ. ಬೀಳ್ಕೊಡುಗೆಯ ಭಾಷಣ ಒಂದು ಸಲ ಬರೆದಿಟ್ಟುಕೊಂಡರೆ ಯಾರಿಗೆ ಬೇಕಾದರೂ ಹೊಂದುತ್ತದೆ, ಹೆಸರು ಬದಲಿಸಿದರೆ ಮುಗಿಯಿತು.

ಸರ್ ಸುರತ್ಕಲ್ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ತೆಳ್ಳಗೆ, ಎತ್ತರ, ಸ್ವಲ್ಪ ಮುಂದಕ್ಕೆ ಬಾಗಿದ ಮೈ. ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ. ಬೇರೆಯವರ ಪೆನ್ನು ಕೇಳಿ ಬರೆದು ಅದನ್ನು ಅಲ್ಲೇ ಬಿಟ್ಟುಬರುವುದು ಅವರ ಅಭ್ಯಾಸ. ಜೇಬಿನಲ್ಲಿ ಇರುತ್ತಿದ್ದದ್ದು ಬೆರಳಗಲದ ಒಂದು ನೀಲಿ ಕಾಗದದ ಪಟ್ಟಿ. ಮದುವೆಗೆ ಬಂದರೂ, ಮಯ್ಯತ್ತಿಗೆ, ಅಂದರೆ ಸಾವಿನ ಮನೆಗೆ ಬಂದರೂ ಆ ಪಟ್ಟಿ ಅಂಗಿಗೆ ಚುಚ್ಚಿದ ಹೂವಿನ ಹಾಗೆ ಹೊರಗೆ ಇಣುಕುತ್ತಿತ್ತು. ಗೊತ್ತಿಲ್ಲದವರು ಯಾವುದೋ ಸಂಘದ ಬ್ಯಾಡ್ಜ್ ಎಂದುಕೊಳ್ಳುತ್ತಿದ್ದರು.

ಅದು ಅವರ ಮೂಗು. ಉತ್ಪ್ರೇಕ್ಷೆ ಅಲ್ಲ, ಸರ್‌ಗೆ ವಾಸನೆ ಎಂಬುದೇ ಬರುತ್ತಿರಲಿಲ್ಲ. ಮಲ್ಲಿಗೆಯೂ ಅಷ್ಟೆ, ಒಣಮೀನೂ ಅಷ್ಟೆ. ಇದು ಹೇಗಾಯಿತು ಎಂದು ಸೇರಿದ ಹೊಸತರಲ್ಲಿ ನಾನು ಕೇಳಿದ್ದೆ. ಚಿಕ್ಕಂದಿನಲ್ಲಿ ಒಂದು ದೊಡ್ಡ ಜ್ವರ ಬಂದಿತ್ತಂತೆ. ದೊಡ್ಡವರಾದ ಮೇಲೆ ಒಂದು ಗಾಳಿಯಾಡದ ಲ್ಯಾಬಿನಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮಿನ ಆವಿ ಉಸಿರಾಡಿದ್ದರಂತೆ. ಯಾವುದರಿಂದ ಹೋಯಿತು ಸರ್ ಎಂದರೆ, ‘ಎರಡೂ ಇರಬಹುದು. ಹೋಗುವಾಗ ಅದು ಹೇಳಿ ಹೋಗಲಿಲ್ಲ’ ಎಂದರು. ಲ್ಯಾಬಿನಲ್ಲಿ ಯಾರಾದರೂ ಅಸಿಟೋನಿನ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ನಮಗೆಲ್ಲ ಮೂಗು ಹೇಳುತ್ತಿತ್ತು. ಅವರು ಮಾತ್ರ ಬಾಗಿಲಲ್ಲಿ ನಿಂತು ಜೇಬು ನೋಡಿಕೊಳ್ಳುತ್ತಿದ್ದರು. ಪಟ್ಟಿಯ ತುದಿ ನೇರಳೆಗೆ ತಿರುಗಿದ್ದರೆ ಒಳಗೆ ಬರುತ್ತಲೇ ತುಳುವಿನಲ್ಲಿ ಶುರು. ಬೈಯುವುದು ತುಳುವಿನಲ್ಲಿ, ಪಾಠ ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಹೊಗಳುವುದು ಯಾವ ಭಾಷೆಯಲ್ಲೂ ಇರಲಿಲ್ಲ. ‘ಅಡ್ಡಿ ಇಲ್ಲ’ ಎಂದರೆ ಅದೇ ಚಿನ್ನದ ಪದಕ. ನನಗೆ ಅದು ಸಿಕ್ಕಿದ್ದು ಒಂದೇ ಸಲ, ಅದೂ ಪಾತ್ರೆ ತೊಳೆದದ್ದಕ್ಕೆ.

ಆ ನೀಲಿಯ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲು ಅದು ಬಿಳಿ ಹರಳಿನ ಪುಡಿ. ಹರಳಿನೊಳಗೆ ಅಣುಗಳು ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಅಕ್ಕಪಕ್ಕದವು ಕೈಕೈ ಹಿಡಿದುಕೊಂಡು ಉದ್ದನೆಯ ಸರಪಳಿಯಾಗುತ್ತವೆ. ಕಣ್ಣೆದುರೇ ಪುಡಿ ಕಡುನೀಲಿಯಾಗುತ್ತದೆ. ಈ ಸರಪಳಿಗೇ ಪಾಲಿಮರ್ ಎನ್ನುವುದು. ಸರಪಳಿ ನೆಟ್ಟಗೆ ಇರುವವರೆಗೆ ನೀಲಿ. ಬಿಸಿ ತಾಗಿತೋ, ಸ್ಪಿರಿಟ್ಟು, ಅಸಿಟೋನಿನಂಥ ದ್ರಾವಕ ಒಳಗೆ ನುಗ್ಗಿತೋ, ಸಾಲು ಸಡಿಲಾಗಿ ಸರಪಳಿ ತಿರುಚಿಕೊಳ್ಳುತ್ತದೆ. ಆಗ ಕೆಂಪು. ನೋಡಲು ಬಹಳ ಚೆಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಸರ್ ಆ ಪುಡಿಯನ್ನು ‘ಇವರು’ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ‘ಇವರನ್ನು ಬಿಸಿಲಿಗೆ ಇಟ್ಟದ್ದು ಯಾರು?’ ನಮಗೆಲ್ಲ ಏಕವಚನ.

ಅವರ ಹತ್ತಿರ ಎರಡು ಜಾತಿಯ ನೀಲಿ ಇತ್ತು. ಒಂದು, ಒಮ್ಮೆ ಕೆಂಪಾದರೆ ಮುಗಿಯಿತು, ತಣ್ಣಗಾದರೂ ತಿರುಗಿ ನೀಲಿಯಾಗುವುದಿಲ್ಲ. ಇನ್ನೊಂದು ಬಿಸಿಗೆ ಕೆಂಪಾದರೂ ತಣ್ಣಗಾದ ಕೂಡಲೇ ನೀಲಿಗೆ ಮರಳುತ್ತದೆ. ಆದರೆ ದ್ರಾವಕದಿಂದ ಕೆಂಪಾದರೆ ಅದೂ ಮರಳುವುದಿಲ್ಲ. ನಾವು ಹುಡುಗಿಯರು ಮೊದಲನೆಯದಕ್ಕೆ ಅತ್ತಿಗೆ ಎಂದೂ ಎರಡನೆಯದಕ್ಕೆ ಅಜ್ಜಿ ಎಂದೂ ಹೆಸರಿಟ್ಟಿದ್ದೆವು. ಅಜ್ಜಿಯ ಸಿಟ್ಟು ಸ್ವಲ್ಪ ಹೊತ್ತಿನದು, ಅತ್ತಿಗೆ ಮಾತ್ರ ಮರೆಯುವವಳಲ್ಲ. ಸರ್ ಇದನ್ನು ಕೇಳಿಸಿಕೊಂಡು ಒಂದು ಸೆಮಿನಾರಿನಲ್ಲಿ ಗಂಭೀರವಾಗಿ ‘ಅಜ್ಜಿ ಮಾದರಿ’ ಎಂದುಬಿಟ್ಟರು. ಹೊರಗಿನಿಂದ ಬಂದಿದ್ದ ಅತಿಥಿಗಳು ಅದನ್ನು ಬರೆದುಕೊಂಡರು.

ಹೊಸ ವಿದ್ಯಾರ್ಥಿ ಬಂದರೆ ಸಂದರ್ಶನ ನಡೆಯುತ್ತಿದ್ದದ್ದು ಸ್ಕೂಟರ್ ಸ್ಟ್ಯಾಂಡಿನಲ್ಲಿ. ಅವರ ಹಳೆಯ ಸ್ಕೂಟರನ್ನು ಬೇಕೆಂದೇ ಬಿಸಿಲಿಗೆ ನಿಲ್ಲಿಸಿ ಪೆಟ್ರೋಲು ಮುಚ್ಚಳದ ಪಕ್ಕ ಒಂದು ಪಟ್ಟಿ ಅಂಟಿಸುತ್ತಿದ್ದರು. ಮಧ್ಯಾಹ್ನಕ್ಕೆ ಅದು ಕೆಂಪು. ಯಾಕೆ ಕೆಂಪಾಯಿತು ಹೇಳು? ಬಿಸಿಲಿಗೆ ಎಂದರೆ, ಪೆಟ್ರೋಲಿನ ಆವಿಗೆ ಯಾಕಲ್ಲ ಎನ್ನುವರು. ಪೆಟ್ರೋಲಿಗೆ ಎಂದರೆ ಬಿಸಿಲಿಗೆ ಯಾಕಲ್ಲ. ಬಂದ ಹುಡುಗರೆಲ್ಲ ರ‍್ಯಾಂಕ್ ತೆಗೆದವರು, ಒಂದು ಉತ್ತರ ಹಿಡಿದು ವಾದಕ್ಕೆ ನಿಲ್ಲುತ್ತಿದ್ದರು. ನಾನು ಕಾಟಿಪಳ್ಳದಿಂದ ಎರಡು ಬಸ್ಸು ಬದಲಿಸಿ, ಬುರ್ಖಾದೊಳಗೆ ಬೆವರಿ ಸುಸ್ತಾಗಿ ಬಂದಿದ್ದೆ. ತಲೆ ಓಡಲಿಲ್ಲ. ಗೊತ್ತಿಲ್ಲ ಸರ್ ಎಂದೆ. ‘ನಾಳೆಯಿಂದ ಬಾ’ ಎಂದರು. ಮನೆಯಲ್ಲಿ ಉಮ್ಮ, ಅಂದರೆ ಅಮ್ಮ, ನಿನ್ನ ಹತ್ತಿರ ಏನು ಕೇಳಿದರು ಎಂದಾಗ ಹೇಳಲು ನಾಚಿಕೆಯಾಯಿತು.

ಗೊತ್ತಿದ್ದಷ್ಟೇ ಹೇಳುವ ಈ ಚಾಳಿ ಅವರಿಗೆ ಎಲ್ಲಿ ಹೋದರೂ ಇತ್ತು. ನನ್ನ ಮದುವೆಯ ಊಟಕ್ಕೆ ಬಂದಿದ್ದರು. ನಮ್ಮ ಮಾವನವರು ಬಹಳ ಸಂಭ್ರಮದಿಂದ ಬಳಿಗೆ ಹೋಗಿ ಬಿರಿಯಾನಿ ಹೇಗುಂಟು ಎಂದು ವಿಚಾರಿಸಿದರು. ಸರ್ ಒಂದು ತುತ್ತು ಯೋಚಿಸಿ ತಿಂದು, ‘ಬಿಸಿ ಉಂಟು. ಉಪ್ಪು ಉಂಟು. ಖಾರ ಉಂಟು. ಉಳಿದದ್ದು ನೀವೇ ಹೇಳ್ಬೇಕು’ ಎಂದರು. ವಾಸನೆ ಬಾರದವರಿಗೆ ನಾಲಗೆಗೆ ಅಷ್ಟೇ ತಿಳಿಯುವುದು ಎಂದು ಮಾವನವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇನ್ನೊಂದು ಸಲ ದೂರದ ಊರಿನಿಂದ ತಪಾಸಣೆಯ ಸಮಿತಿ ಬಂದಿತ್ತು. ಆ ದಿನಕ್ಕೆಂದೇ ಮಾಡಿಟ್ಟಿದ್ದ ಪಟ್ಟಿಗಳ ಪೆಟ್ಟಿಗೆ ಕಿಟಕಿಯ ಬಿಸಿಲಿನಲ್ಲಿ ಉಳಿದು ಪೂರ್ತಿ ಕೆಂಪಾಗಿತ್ತು. ನಮ್ಮ ಮುಖ ಇಂಗು ತಿಂದ ಮಂಗನ ಹಾಗೆ ಆಗಿರುವಾಗ ಸರ್ ಪೆಟ್ಟಿಗೆ ತೆರೆದು ಸಮಿತಿಯ ಮುಂದೆ ಹಿಡಿದು, ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತದೆ ಎಂದು ಖುಷಿಯಿಂದ ತೋರಿಸಿದರು. ಅವರು ನಾಟಕ ಮಾಡಲಿಲ್ಲ. ನಿಜವಾಗಿಯೂ ಖುಷಿಯಾಗಿತ್ತು.

ಈಗ ನನ್ನ ಬಾಪನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಅಪ್ಪನಿಗೆ ಬಾಪ ಎನ್ನುವುದು. ಬಾಪನದು ಬಂದರಿನ ಹತ್ತಿರ ಒಂದು ಸಣ್ಣ ಅತ್ತರ್ ಅಂಗಡಿ, ಅಜ್ಜನ ಕಾಲದ್ದು. ಅಂಗಡಿ ಎಂದರೆ ಒಬ್ಬರು ಕೂರುವಷ್ಟು ಜಾಗ, ಎದುರಿಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಆದರೆ ಹೆಸರು ದೊಡ್ಡದು. ಬಾಪನ ಅತ್ತರಿನಲ್ಲಿ ಸ್ಪಿರಿಟ್ಟು, ಅಂದರೆ ಮದ್ಯಸಾರ, ಇಲ್ಲ ಎಂಬುದು ಆ ಹೆಸರು. ಮೈಗೆ ಸ್ಪಿರಿಟ್ಟು ಹಚ್ಚಿಕೊಂಡು ನಮಾಜಿಗೆ ನಿಲ್ಲಬಾರದು ಎನ್ನುವವರು ನಮ್ಮ ಕಡೆ ಬಹಳ ಮಂದಿ. ಪರವಾಗಿಲ್ಲ ಎನ್ನುವವರೂ ಇದ್ದಾರೆ, ಅವರಿಗೆ ಬೇರೆ ಅಂಗಡಿ ಉಂಟು. ಬಾಪನ ಗಿರಾಕಿಗಳು ಮೊದಲನೆಯ ಜಾತಿ.

ಒಂದು ದಿನ ಬಾಪ ನನಗೆ ಊಟ ಕೊಡಲೆಂದು ಲ್ಯಾಬಿಗೆ ಬಂದಿದ್ದರು. ಸರ್ ಅವರನ್ನು ಕೂರಿಸಿ ಪಟ್ಟಿಗೆ ಒಂದು ಹನಿ ಸ್ಪಿರಿಟ್ಟು ಬಿಟ್ಟು ತೋರಿಸಿದರು. ನೀಲಿ ಕೆಂಪಾದದ್ದನ್ನು ನೋಡಿ ಬಾಪನ ಬಾಯಿ ತೆರೆದೇ ಇತ್ತು. ಸಾಲು, ಸರಪಳಿ ಎಂದೆಲ್ಲ ಸರ್ ವಿವರಿಸುವಾಗ ಬಾಪ ನಡುವೆಯೇ ಹಿಡಿದರು: ಗೊತ್ತಾಯಿತು ಸರ್, ನಮಾಜಿನ ಸಾಲಿನ ಹಾಗೆ, ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು, ನಡುವೆ ಒಬ್ಬ ನುಗ್ಗಿದರೆ ಇಡೀ ಸಾಲು ಓರೆ. ಸರ್‌ಗೆ ಇದು ಬಹಳ ಹಿಡಿಸಿತು. ಮುಂದೆ ತರಗತಿಯಲ್ಲಿ ಬಾಪನ ಹೆಸರು ಹೇಳಿಯೇ ಇದನ್ನು ಪಾಠ ಮಾಡುತ್ತಿದ್ದರು. ಆ ದಿನ ಬಾಪನಿಗೆ ಒಂದು ಡಬ್ಬಿ ತುಂಬ ಅತ್ತಿಗೆ ಜಾತಿಯ ಪಟ್ಟಿ ಕೊಟ್ಟು, ಆಟಕ್ಕೆ ಇಟ್ಟುಕೊಳ್ಳಿ ಎಂದರು.

ಆಟಕ್ಕೆ ಎಂದರೆ ವ್ಯಾಪಾರಿ ಕೇಳುತ್ತಾನಾ? ಮರುವಾರ ನಾನು ಅಂಗಡಿಗೆ ಹೋಗಿ ನೋಡಿದರೆ ಗಾಜಿನ ಮೇಲೆ ಬೋರ್ಡು ನೇತಾಡುತ್ತಿತ್ತು: ‘ಸ್ಪಿರಿಟ್ ಇಲ್ಲ. ಪರೀಕ್ಷಿಸಿ ನೋಡಿ.’ ಬಾಪ ಗಿರಾಕಿಯ ಎದುರು ಪಟ್ಟಿಯನ್ನು ಅತ್ತರಿಗೆ ಇಳಿಸಿ ಎತ್ತುವರು, ನೀಲಿ. ಮತ್ತೆ ಪೇಟೆಯ ಯಾವುದೋ ಸ್ಪ್ರೇ ತೆಗೆದು ಚಿಮುಕಿಸುವರು, ಕೆಂಪು. ಜನ ಕೊಳ್ಳಲು ಬಂದದ್ದಕ್ಕಿಂತ ನೋಡಲು ಬಂದದ್ದೇ ಹೆಚ್ಚು. ಪಕ್ಕದ ಮೊಬೈಲ್ ಕವರಿನ ಅಂಗಡಿಯವನಿಗೆ ಹೊಟ್ಟೆಕಿಚ್ಚು. ನಾನು ಬಾಪನ ಸಂಭ್ರಮ ನೋಡಿ ಸುಮ್ಮನಾದೆ, ಸರ್‌ಗೆ ಹೇಳಲೂ ಇಲ್ಲ. ಹೇಳುವಂಥದ್ದು ಎಂದು ಅನಿಸಲೇ ಇಲ್ಲ.

ಪೆರ್ನಾಳಿಗೆ, ಅಂದರೆ ಹಬ್ಬಕ್ಕೆ ಇನ್ನು ಸ್ವಲ್ಪ ದಿನ ಇರುವಾಗ ಹಾಜಿಯವರು ಅಂಗಡಿಗೆ ಬಂದರು. ಅವರು ನಮ್ಮ ಮೊಹಲ್ಲಾದ ಹಿರಿಯರು. ಅಜ್ಜನ ಕಾಲದಿಂದ ಹಬ್ಬಕ್ಕೆ ನಮ್ಮಲ್ಲಿಂದಲೇ ಊದ್ ಒಯ್ಯುವವರು. ಊದ್ ಎಂದರೆ ಅಗರಿನ ಎಣ್ಣೆ, ಅತ್ತರುಗಳಲ್ಲಿ ರಾಜ. ಅದರ ಹನಿಹನಿಗೂ ಬೆಲೆ ಇರುವುದರಿಂದ ಬಾಪ ಅದನ್ನು ಮಾತ್ರ ಪರೀಕ್ಷೆಗೆ ಎಂದೂ ತೆರೆದಿರಲಿಲ್ಲ. ಆ ದಿನ ಹಾಜಿಯವರು ಬೋರ್ಡು ಓದಿ, ಇದೇನು ಹೊಸತು, ತೋರಿಸು ನೋಡುವ ಎಂದರಂತೆ. ಅಂಗಡಿಯ ಮುಂದೆ ಜನ ನಿಂತಿದ್ದರು. ಬಾಪ ಹೆಮ್ಮೆಯಿಂದ ಊದಿನ ಬಾಟಲಿಗೆ ಪಟ್ಟಿ ಇಳಿಸಿ ಎತ್ತಿದರು. ಕೆಂಪು. ಕೈತಪ್ಪಿರಬೇಕು ಎಂದು ಇನ್ನೊಂದು ಪಟ್ಟಿ ಇಳಿಸಿದರು. ಅದೂ ಕೆಂಪು.

ಹಾಜಿಯವರು ಕೈಯಲ್ಲಿದ್ದ ಖಾಲಿ ಸೀಸೆಯನ್ನು ಮೆಲ್ಲಗೆ ಗಾಜಿನ ಮೇಲಿಟ್ಟು, ಸಲಾಂ ಹೇಳಿ ಹೋದರಂತೆ. ಬೈದಿದ್ದರೆ ಬಾಪ ತಡೆದುಕೊಳ್ಳುತ್ತಿದ್ದರು.

ಸಂಜೆ ಬಾಪ ಬೇಗ ಮನೆಗೆ ಬಂದರು. ಬಡಿಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದರು. ಊದಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟರು, ನನಗೂ ಮುಟ್ಟಲು ಬಿಡಲಿಲ್ಲ. ಅದನ್ನು ಹಚ್ಚಿಕೊಂಡು ಎಷ್ಟು ಜನ ನಮಾಜಿಗೆ ನಿಂತಿದ್ದಾರೆ, ಅಜ್ಜನ ಕಾಲದಿಂದ ಎಷ್ಟು ಹಬ್ಬ ಆಯಿತು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಮತ್ತೆ, ಇನ್ನು ಅತ್ತರ್ ಬೇಡ, ನಾನೂ ಮೊಬೈಲ್ ಕವರ್ ಇಡುತ್ತೇನೆ ಎಂದರು. ಬಾಪನಿಗೆ ಫೋನಿನಲ್ಲಿ ಒಂದು ಮೆಸೇಜು ಕಳಿಸಲು ಬಾರದು, ಅವರು ಮೊಬೈಲ್ ಕವರ್ ಮಾರುವುದು! ಬೇರೆ ದಿನವಾದರೆ ನಾವು ನಗುತ್ತಿದ್ದೆವು. ಆ ದಿನ ಉಮ್ಮ ಅಡುಗೆಮನೆಗೆ ಹೋಗಿ ಅತ್ತರು.

ನನಗೋ ಕೆಟ್ಟ ಸಿಟ್ಟು. ಊದ್ ಕಳಿಸುವ ಮುಂಬೈ ವ್ಯಾಪಾರಿಗೆ ಏನೇನು ಬೈಯಬೇಕೆಂದು ಬಸ್ಸಿನಲ್ಲಿ ಇಡೀ ದಾರಿ ಜೋಡಿಸಿಕೊಂಡು ಲ್ಯಾಬಿಗೆ ಹೋದೆ. ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಬೋರ್ಡಿನ ವಿಷಯ ಕೇಳಿ ಅವರ ಹುಬ್ಬು ಮೇಲೆ ಹೋಯಿತು, ಆದರೆ ಬೈಯಲಿಲ್ಲ. ಕೇಳಿದ್ದು ಒಂದೇ. ಊದಿಗೆ ಪಟ್ಟಿ ಹಾಕುವ ಮೊದಲು ನಿಮ್ಮ ಅಪ್ಪ ಎಂತ ಮಾಡಿದ್ರು? ಏನೂ ಇಲ್ಲ ಸರ್, ಬಾಟಲಿ ತೆರೆದರು, ಇಳಿಸಿದರು ಎಂದೆ. ‘ಏನೂ ಇಲ್ಲ ಎನ್ನುವುದು ನಿನ್ನ ಕಣ್ಣಿಗೆ. ನಾನೇ ಬರ್ತೇನೆ. ಆ ಹಾಜಿಯವರನ್ನೂ ಕರೆಸ್ಲಿಕ್ಕೆ ಹೇಳು’ ಎಂದರು. ಹಾಜಿಯವರನ್ನು ಕರೆಸುವುದು ಬೇಡ ಸರ್ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಾನ ಹೋದದ್ದು ಯಾರ ಎದುರೋ ಅವರ ಎದುರೇ ನೋಡಬೇಕು ಎಂಬುದು ಅವರ ಹಟ.

ಮರುದಿನ ಇಬ್ಬರೂ ಸುರತ್ಕಲ್ಲಿನಲ್ಲಿ ಬಸ್ಸು ಹತ್ತಿದೆವು. ಪಣಂಬೂರಿನ ಹತ್ತಿರ ಲಾರಿಗಳ ಸಾಲಿನಲ್ಲಿ ಬಸ್ಸು ನಿಂತೇ ಇತ್ತು. ಸರ್ ತೊಡೆಯ ಮೇಲೆ ಒಂದು ಸ್ಟೀಲಿನ ಊಟದ ಡಬ್ಬಿ ಇಟ್ಟುಕೊಂಡಿದ್ದರು. ಅದರಲ್ಲಿ ಐಸು, ಐಸಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಟ್ಟಿಗಳು. ಪಕ್ಕದ ಸೀಟಿನ ಹೆಂಗಸು, ಡಬ್ಬಿಯಲ್ಲಿ ಮೀನಾ ಎಂದು ಕೇಳಿದರು. ಅಲ್ಲ, ಅಜ್ಜಿ ಎಂದರು ಸರ್. ಅವರು ಮತ್ತೆ ಏನೂ ಕೇಳಲಿಲ್ಲ.

ಬಾಪ ಮನೆಯಿಂದ ಊದಿನ ಬಾಟಲಿಯನ್ನೂ ತಂದು, ಎರಡು ದಿನ ಮುಚ್ಚಿದ್ದ ಅಂಗಡಿಯನ್ನು ತೆರೆದು ಕಾಯುತ್ತಿದ್ದರು. ಹಾಜಿಯವರೂ ಬಂದು ಬೆಂಚಿನ ಮೇಲೆ ಕೂತಿದ್ದರು, ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಎಂಥ ಸಂಕಟದಲ್ಲೂ ಬಾಪನಿಗೆ ಅಂಗಡಿಯ ಮರ್ಯಾದೆ ಬಿಡಲಾಗುವುದಿಲ್ಲ. ಸರ್ ಅವರ ಮುಂಗೈ ಹಿಡಿದು ಗುಲಾಬಿಯ ಅತ್ತರ್ ಹಚ್ಚಿ, ಹೇಗುಂಟು ಎಂದು ಮುಖ ನೋಡಿದರು. ಸರ್ ಮೂಸಿ, ನನಗೆ ವಾಸನೆ ಬರುವುದಿಲ್ಲ ಎಂದರು. ಬಾಪ ತಮ್ಮ ದುಃಖವನ್ನೇ ಒಂದು ಗಳಿಗೆ ಮರೆತರು. ಒಂದು ಚೂರೂ ಬರುವುದಿಲ್ಲವಾ ಎಂದು ಕಸ್ತೂರಿ ತೆಗೆದರು, ಇನ್ನೂ ಖಾರದ್ದು ಒಂದು ತೆಗೆದರು. ಕೊನೆಗೆ, ಇಷ್ಟು ಒಳ್ಳೆಯ ಮನುಷ್ಯನಿಗೆ ಹೀಗಾಗಬಾರದಿತ್ತು ಎಂದು ನನ್ನ ಕಡೆ ತಿರುಗಿ ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದರು. ಬೇರೆಯವರ ಮುಂದೆ ಹೀಗೆ ಹೇಳಬೇಡಿ ಎಂದು ನಾನು ಕಣ್ಣಿನಲ್ಲೇ ಗದರಿಸಿದೆ.

ಸರ್ ಕೆಲಸಕ್ಕೆ ತೊಡಗಿದರು. ಆ ದಿನ ಮಾಡಿದ ಹಾಗೆಯೇ ಮಾಡಿ ತೋರಿಸಿ, ಒಂದನ್ನೂ ಬಿಡಬೇಡಿ ಎಂದರು. ಬಾಪ ಬಹಳ ಪ್ರಾಮಾಣಿಕರು. ಹಾಜಿಯವರಿಗೆ ಸಲಾಂ ಹೇಳುವುದರಿಂದ ಶುರುಮಾಡಿದರು. ಗಂಟಲು ಸರಿಮಾಡಿಕೊಂಡರು. ಬೆಂಚು ಒರೆಸಿದರು. ಫ್ಲಾಸ್ಕಿನಿಂದ ಬಿಸಿನೀರನ್ನು ಒಂದು ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಊದಿನ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ, ಹಾಜಿಯವರ ಮೊಮ್ಮಕ್ಕಳ ಯೋಗಕ್ಷೇಮ ವಿಚಾರಿಸತೊಡಗಿದರು.

‘ನಿಲ್ಲಿ. ಇದೆಂತ?’ ಎಂದರು ಸರ್.

‘ಯಾವುದು ಸರ್?’

‘ಈ ಬಿಸಿನೀರು.’

ಅದು ಯಾವಾಗಲೂ ಮಾಡುವುದಲ್ಲವಾ ಎಂದರು ಬಾಪ. ಒಳ್ಳೆಯ ಊದ್ ಜೇನಿನಂತೆ ದಪ್ಪ, ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನಿಲ್ಲಿಸದಿದ್ದರೆ ಸೀಸೆಗೆ ಇಳಿಯುವುದಿಲ್ಲ. ಅಜ್ಜ ಮಾಡುತ್ತಿದ್ದರು, ಬಾಪ ಮಾಡುತ್ತಾರೆ. ಮನೆಯಲ್ಲಿ ಹುಟ್ಟಿದಂದಿನಿಂದ ನೋಡಿದ ನನಗೂ ಅದು ಕೆಲಸ ಎಂದು ಅನಿಸಿರಲಿಲ್ಲ, ಬಾಟಲಿಯ ಮುಚ್ಚಳ ತೆಗೆಯುವುದನ್ನು ಯಾರಾದರೂ ಹೇಳುತ್ತಾರಾ? ಬಿಸಿಗೂ ಅದು ಕೆಂಪಾಗುತ್ತದೆ ಎಂದು ದಿನಕ್ಕೆ ಹತ್ತು ಸಲ ಲ್ಯಾಬಿನಲ್ಲಿ ಹೇಳುವವಳು ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮುಂಬೈಯ ಆ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ.

ಸರ್ ಊಟದ ಡಬ್ಬಿ ತೆರೆದು ಅಜ್ಜಿ ಮಾದರಿಯ ಒಂದು ಪಟ್ಟಿ ತೆಗೆದರು. ಮೊದಲು ಅದೇ ಜಾತಿಯ ಇನ್ನೊಂದು ಪಟ್ಟಿಯ ಮೇಲೆ ಒಂದು ಹನಿ ಸ್ಪಿರಿಟ್ಟು ಬಿಟ್ಟು ಗಾಜಿನ ಮೇಲೆ ಇಟ್ಟರು. ಅದು ಕೆಂಪಾಗಿ ಹಾಗೆಯೇ ಕೂತಿತು. ಆಮೇಲೆ ಈ ಪಟ್ಟಿಯನ್ನು ಬಿಸಿ ಊದಿಗೆ ಇಳಿಸಿ ಎತ್ತಿದರು. ಇದೂ ಕೆಂಪು. ಬಾಪ ಕಣ್ಣು ಮುಚ್ಚಿಕೊಂಡರು. ಸರ್ ಪಟ್ಟಿಯನ್ನು ಒರೆಸಿ ಐಸಿನ ತುಂಡಿನ ಮೇಲೆ ಮಲಗಿಸಿ, ನೋಡಿ ಎಂದರು. ತುದಿಯಿಂದ ಶುರುವಾಗಿ ಕೆಂಪು ಮೆಲ್ಲಮೆಲ್ಲನೆ ನೇರಳೆಯಾಗಿ, ನೇರಳೆ ನೀಲಿಯಾಗಿ, ಪಟ್ಟಿ ಇದ್ದ ಹಾಗೆ ಆಯಿತು. ಲ್ಯಾಬಿನಲ್ಲಿ ಎಷ್ಟು ಸಲ ನೋಡಿದ್ದೆನೋ, ಆ ದಿನ ಮಾತ್ರ ನನ್ನ ಕಣ್ಣಲ್ಲಿ ನೀರು ಬಂತು. ಹಾಜಿಯವರು ಎದ್ದು ಬಂದು ಕನ್ನಡಕ ಸರಿಮಾಡಿ ಎರಡು ಪಟ್ಟಿಗಳನ್ನೂ ನೋಡಿದರು. ಸ್ಪಿರಿಟ್ಟಿನದು ಕೆಂಪು, ಊದಿನದು ನೀಲಿ. ಬಿಸಿಯಿಂದ ಆದದ್ದು ಎಂದು ಸರ್ ಹೇಳಿದಾಗ ‘ಮಾಶಾ ಅಲ್ಲಾಹ್’ ಎಂದು ನಕ್ಕು, ಅಂದು ಬಿಟ್ಟುಹೋಗಿದ್ದ ಸೀಸೆಯನ್ನು ಎತ್ತಿಕೊಂಡರು. ಬಾಪನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

ಅಲ್ಲಿಗೆ ಮುಗಿಸಬಾರದಿತ್ತೇ? ಚಾ ಬಂದಿತ್ತು, ಬಿಸ್ಕತ್ತು ಬಂದಿತ್ತು. ಬಾಪ ಬೋರ್ಡನ್ನು ಮತ್ತೆ ನೇರವಾಗಿ ತೂಗುಹಾಕಲು ಹೊರಟಿದ್ದರು. ಸರ್ ಚಾ ಲೋಟ ಕೆಳಗಿಟ್ಟು ಹೇಳಿದರು, ‘ಒಂದು ಮಾತು ಉಂಟು. ಈ ಕಾಗದ ಹೇಳಿದ್ದು ಇಷ್ಟೇ, ಆ ದಿನದ ಕೆಂಪು ಬಿಸಿಯಿಂದ ಆದದ್ದು ಅಂತ. ಇದರಲ್ಲಿ ಸ್ಪಿರಿಟ್ ಇಲ್ಲವೇ ಇಲ್ಲ ಅಂತ ಇದು ಹೇಳುವುದಿಲ್ಲ. ಸ್ವಲ್ಪ ಇದ್ದರೆ ಇದಕ್ಕೆ ಗೊತ್ತೇ ಆಗ್ಲಿಕ್ಕಿಲ್ಲ. ಆ ಬೋರ್ಡು ತೆಗೆಯಿರಿ.’

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹಾಜಿಯವರ ಕೈ ಸೀಸೆ ಹಿಡಿದ ಹಾಗೆಯೇ ನಿಂತಿತು. ಬಾಪ ಬೋರ್ಡು ಹಿಡಿದು ಅರ್ಧ ಎದ್ದ ಹಾಗೆ ಇದ್ದರು. ಹೊರಗೆ ಮೀನಿನ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಈ ಮನುಷ್ಯನನ್ನು ಕರೆತಂದದ್ದೇ ತಪ್ಪಾಯಿತು ಎಂದು ಹಲ್ಲು ಕಚ್ಚಿಕೊಂಡೆ.

ಹಾಜಿಯವರು ಬಾಪನ ಕಡೆ ತಿರುಗಿದರು.

‘ಅವರು ಹೇಳಿದ್ದು ಕೇಳಿದೆ. ಕಾಗದ ಬಿಡು. ನೀನು ಹೇಳು, ಇದರಲ್ಲಿ ಸ್ಪಿರಿಟ್ಟು ಉಂಟಾ?’

ಬಾಪ ಬೋರ್ಡನ್ನು ಕೆಳಗಿಟ್ಟರು.

‘ನನಗೆ ಗೊತ್ತಿದ್ದ ಹಾಗೆ ಇಲ್ಲ. ನಾನು ಹಾಕಲಿಲ್ಲ. ನನಗೆ ಕೊಟ್ಟವರೂ ಹಾಕಲಿಲ್ಲ ಅಂತಲೇ ನಂಬಿದ್ದೇನೆ.’

‘ಅಷ್ಟು ಸಾಕು. ತುಂಬಿಸು’ ಎಂದು ಹಾಜಿಯವರು ಸೀಸೆ ಮುಂದೆ ನೀಡಿದರು.

ಬಾಪ ಮತ್ತೆ ಲೋಟಕ್ಕೆ ಬಿಸಿನೀರು ಬಗ್ಗಿಸಿದರು. ಬೋರ್ಡು ಆ ದಿನವೇ ಹೋಯಿತು. ಉಳಿದ ಪಟ್ಟಿಗಳನ್ನು ಮಕ್ಕಳು ಆಡಲು ಒಯ್ದರು.

ಬಸ್ ಸ್ಟಾಪಿನಲ್ಲಿ ನಾನು ಸರ್ ಮೇಲೆ ಹರಿಹಾಯ್ದೆ. ವಿದ್ಯಾರ್ಥಿನಿ ಗುರುವಿನ ಹತ್ತಿರ ಹಾಗೆ ಮಾತಾಡಬಾರದು, ಆದರೆ ಆಡಿದೆ. ಅಷ್ಟೆಲ್ಲ ಆಗಿ ಎಲ್ಲರೂ ನಗುವ ಹೊತ್ತಿನಲ್ಲೇ ಅದನ್ನು ಹೇಳಬೇಕಿತ್ತಾ, ನಾಳೆ ಬಾಪನ ಹತ್ತಿರ ಮೆಲ್ಲಗೆ ಹೇಳಿದ್ದರೆ ಆಗುತ್ತಿರಲಿಲ್ಲವಾ, ಹಾಜಿಯವರು ಎದ್ದು ಹೋಗಿದ್ದರೆ ಏನು ಗತಿ ಎಂದೆಲ್ಲ ಕೇಳಿದೆ. ಸರ್ ಬಸ್ಸು ಬರುವ ಕಡೆ ನೋಡುತ್ತಾ ಹೇಳಿದರು.

‘ನಾಳೆ ಹೇಳಿದರೆ ಅವರು ಇವತ್ತು ನನ್ನ ಕಾಗದವನ್ನು ನಂಬಿ ಕೊಂಡುಹೋಗ್ತಿದ್ದರು. ಕಾಗದ ಇನ್ನೊಂದು ದಿನ ಕೆಂಪಾಗ್ತದೆ ಮಾರಾಯ್ತಿ, ಅದಕ್ಕೆ ನೂರು ಕಾರಣ ಉಂಟು. ಆಗ ನಿಮ್ಮ ಅಪ್ಪನನ್ನು ಯಾರು ನಂಬುವುದು?’

ಆದರೂ ಅವರು ಎದ್ದು ಹೋಗಿದ್ದರೆ ಎಂದೆ ನಾನು.

ಸರ್ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಬಾಪ ಹಚ್ಚಿದ ಗುಲಾಬಿ, ಕಸ್ತೂರಿ ಎಲ್ಲ ಸೇರಿ ಗಮ್ಮೆನ್ನುತ್ತಿತ್ತು. ಕೈಗಳು ನಡುಗುತ್ತಿದ್ದವು.

‘ನೋಡು, ಇನ್ನೂ ನಿಲ್ಲಲಿಲ್ಲ’ ಎಂದರು.

ಅಷ್ಟು ವರ್ಷ ಅವರ ಬಾಯಿಗೆ ಹೆದರಿದ್ದ ನನಗೆ ಅವರೂ ಹೆದರುತ್ತಾರೆ ಎಂದು ಆ ಬಸ್ ಸ್ಟಾಪಿನಲ್ಲಿ ಗೊತ್ತಾಯಿತು. ಬಸ್ಸು ಬಂತು. ಡಬ್ಬಿಯನ್ನು ಅವರ ಕಂಕುಳಿನಿಂದ ತೆಗೆದು ನಾನೇ ಹಿಡಿದುಕೊಂಡು, ಅವರನ್ನು ಮೊದಲು ಹತ್ತಿಸಿದೆ.